ವೀರಮ್ಮಾಜಿ: ಕೆಳದಿಯ ಕೊನೆಯ ರಾಣಿ

ವೀರಮ್ಮಾಜಿ (ಆಳ್ವಿಕೆ 1757-63): ಕೆಳದಿ ಅರಸುಮನೆತನದ ಕೊನೆಯ ರಾಣಿ, ಇಮ್ಮಡಿ ಬಸಪ್ಪ ನಾಯಕನ ಮಡದಿ. ಗಂಡ ತೀರಿಕೊಂಡು, ದತ್ತುಮಗ ಚನ್ನಬಸಪ್ಪ ನಾಯಕನೂ ಎಳೆಹರೆಯದಲ್ಲೇ ಸತ್ತ ಮೇಲೆ ಸೋಮಶೇಖರನೆಂಬ ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಂಡು ಅವನ ಹೆಸರಿನಲ್ಲಿ ಬಿದನೂರಿನಿಂದ ರಾಜ್ಯವಾಳಿದಳು. 1763ರ ಮೊದಲ ತಿಂಗಳುಗಳಲ್ಲಿ ಹೈದರಲಿ ಶಿವಮೊಗ್ಗದ ದಾರಿಯಾಗಿ ಘಟ್ಟದ ಕಾಡು ಹೊಕ್ಕು ಬಿದನೂರನ್ನು ಹಿಡಿದ. ರಾಣಿ ಸೆರೆಯಾಗಿ ಮಧುಗಿರಿಯ ದುರ್ಗ ಸೇರಿದಳು. 1767ರಲ್ಲಿ ಮರಾಠರು ಬಿಡಿಸಿದರೂ ಪುಣೆ ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡಳು. ಎರಡೂವರೆ ಶತಮಾನಕ್ಕೂ ಮಿಕ್ಕಿ ಬಾಳಿದ ಸಂಸ್ಥಾನ ಆಕೆಯೊಂದಿಗೆ ಮುಗಿಯಿತು.

ಆಕೆಯ ಬದುಕನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಆಕರಗಳದ್ದು. ದೂರದ ಒಂದು ಹೋಲಿಕೆ ನೋಡಿ: ರೋಮಿನ ಹಳೆಯ ಕುಲೀನ ಮನೆತನವೊಂದರ ಕುಡಿ ಕ್ಯಾಟಿಲಿನ ಚುನಾವಣೆಗಳಲ್ಲಿ ಸೋತು, ಬಂಡೆದ್ದು, ಕ್ರಿ.ಪೂ. 62ರಲ್ಲಿ ಕಾಳಗದಲ್ಲಿ ಮಡಿದ. ಅವನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಬಹುಮಟ್ಟಿಗೆ ಅವನ ಎದುರಾಳಿ ಸಿಸೆರೋ ಮಾಡಿದ ಭಾಷಣಗಳಿಂದ ಮತ್ತು ಸಲ್ಲಸ್ಟ್ ಬರೆದ ಪುಸ್ತಕದಿಂದ. ಕೊಲೆ, ವ್ಯಭಿಚಾರ, ಸಾಲ, ದ್ರೋಹ ಎಲ್ಲವೂ ಅವನ ಹೆಸರಿಗೆ ಅಂಟಿಕೊಂಡಿವೆ. ಅವನ ಕಡೆಯ ಮಾತು ಹೇಳುವವರು ಉಳಿಯಲಿಲ್ಲ. ವೀರಮ್ಮಾಜಿಯ ಪಾಡೂ ಹೆಚ್ಚುಕಡಿಮೆ ಇದೇ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಘಟನೆ ನಡೆದು ಸುಮಾರು ಐವತ್ತು ವರ್ಷ ಕಳೆದ ಮೇಲೆ ಬರೆದ ದಕ್ಷಿಣ ಭಾರತದ ಇತಿಹಾಸವೂ, ಹೈದರ್-ಟಿಪ್ಪು ಮನೆತನದ ಹಿರಿಮೆ ಹಾಡಲು ಕಿರ್ಮಾನಿ ಪಾರ್ಸಿಯಲ್ಲಿ ಬರೆದ ಚರಿತ್ರೆಯೂ ಆಕೆಯ ಚಿತ್ರವನ್ನು ಕಟ್ಟಿಕೊಟ್ಟವು. ಲೂಯಿ ರೈಸರ ಗೆಜೆಟಿಯರು ವಿಲ್ಕ್ಸನನ್ನೇ ಅನುಸರಿಸಿತು. ಗೆಜೆಟಿಯರಿನಿಂದ ಅದು ಶಾಲೆಯ ಪುಸ್ತಕಗಳಿಗೂ ಇಳಿಯಿತು. ಕೆಳದಿಯ ಕಡೆಯಿಂದ ಇರುವ ಮುಖ್ಯ ಕನ್ನಡ ಆಕರ ಲಿಂಗಣ್ಣ ಕವಿಯ ಚಂಪೂಕೃತಿ ‘ಕೆಳದಿನೃಪವಿಜಯ’. ಗದಾಯುದ್ಧದ ಕಥೆ ಓದಿದವರೆಲ್ಲ ದುರ್ಯೋಧನನ ಕಡೆಗೂ ಒಂದು ಮಾತುಂಟು ಎಂದು ಬಲ್ಲ ನಾಡಿನಲ್ಲಿ ವೀರಮ್ಮಾಜಿಗೆ ಆ ಮಾತು ಸಿಗಲು ಬಹಳ ಕಾಲ ಹಿಡಿಯಿತು.

ಮನೆತನ ಮತ್ತು ರಾಜ್ಯ

ಸಾಗರದ ಬಳಿಯ ಕೆಳದಿಯಲ್ಲಿ ಚೌಡಪ್ಪ, ಭದ್ರಪ್ಪ ಎಂಬ ಗೌಡರ ಮನೆಯ ಅಣ್ಣತಮ್ಮಂದಿರಿಂದ 1500ರ ಹೊತ್ತಿಗೆ ಶುರುವಾದ ಮನೆತನವಿದು. ವಿಜಯನಗರದ ಅಡಿಯಲ್ಲಿ ಬೆಳೆದು, ವಿಜಯನಗರ ಬಿದ್ದ ಮೇಲೆ ಸ್ವತಂತ್ರವಾಯಿತು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ ಹೋಯಿತು. ಬಿಜಾಪುರದ ರಣದುಲ್ಲಾಖಾನ ಇಕ್ಕೇರಿಯನ್ನು ಸೂರೆಮಾಡಿದ ಮೇಲೆ ವೀರಭದ್ರ ನಾಯಕ ಅದನ್ನು ಇನ್ನೂ ಒಳಗೆ, ಬೆಟ್ಟಗಳ ನಡುವಿನ ಬಿದನೂರಿಗೆ ಒಯ್ದ. ಬಿದಿರು ಹಿಂಡುಹಿಂಡಾಗಿ ಬೆಳೆದಿದ್ದ ಬಿದರಹಳ್ಳಿಯೇ ಬಿದನೂರಾಯಿತು. ಇಂದು ಹೊಸನಗರ ತಾಲ್ಲೂಕಿನ ನಗರ ಎಂಬ ಪುಟ್ಟ ಊರು ಅದೇ.

ಶಿವಪ್ಪ ನಾಯಕನ ಕಾಲಕ್ಕೆ (1645-60) ರಾಜ್ಯ ಅತಿ ಎತ್ತರಕ್ಕೆ ಏರಿತು. ಮಲೆನಾಡಿನ ರೈತರು ಇಂದಿಗೂ ನೆನೆಯುವ ‘ಶಿಸ್ತು’ ಅವನದು. ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಮಣ್ಣಿಗೆ ಒಂದೊಂದು ಗದ್ದೆ ಆರಿಸಿ, ಸರ್ಕಾರದ ಲೆಕ್ಕದಲ್ಲೇ ಹನ್ನೆರಡು ವರ್ಷ ಬೇಸಾಯ ಮಾಡಿಸಿ, ಬೀಜವೆಷ್ಟು ಬಿತ್ತು, ಬೆಳೆಯೆಷ್ಟು ಬಂತು, ಪೇಟೆಯಲ್ಲಿ ಬೆಲೆಯೆಷ್ಟು ಸಿಕ್ಕಿತು ಎಂದು ಬರೆದಿಟ್ಟು, ಸರಾಸರಿಯ ಮೂರನೆಯ ಒಂದು ಪಾಲನ್ನು ಕಂದಾಯವಾಗಿ ಗೊತ್ತುಮಾಡಿದರೆಂದು ರೈಸ್ ದಾಖಲಿಸಿದ್ದಾರೆ. ಹಿಂದಿನ ರಾಜರಲ್ಲಿ ಇಷ್ಟು ತಾಳ್ಮೆಯಿಂದ ನೆಲವನ್ನು ಓದಿದವರು ವಿರಳ. ಘಟ್ಟದ ಮೇಲಿನ ಅಡಿಕೆ, ಮೆಣಸು, ಏಲಕ್ಕಿ, ಗಂಧ. ಘಟ್ಟದ ಕೆಳಗಿನ ಅಕ್ಕಿ. ಮಂಗಳೂರು, ಬಸರೂರು, ಹೊನ್ನಾವರದ ಬಂದರುಗಳ ಸುಂಕ: ಇವೆಲ್ಲ ಬಂದು ಬಿದನೂರಿನ ಖಜಾನೆಗೆ ಬೀಳುತ್ತಿದ್ದವು. ಪೋರ್ಚುಗೀಸರಿಗೂ ಇಂಗ್ಲಿಷರಿಗೂ ಮೆಣಸು ಬೇಕಾದರೆ ಈ ಮನೆಯ ಬಾಗಿಲಿಗೇ ಬರಬೇಕಾಗಿತ್ತು. ವೀರಮ್ಮಾಜಿಗೆ ಬಂದ ಕೇಡಿನ ಮೂಲವೂ ಈ ಸಂಪತ್ತೇ.

ಅರಸರು ವೀರಶೈವರು. ಆದರೂ ಕೊಲ್ಲೂರಿನ ಮೂಕಾಂಬಿಕೆಗೂ ಶೃಂಗೇರಿಗೂ ನಡೆದುಕೊಂಡವರು. ಮನೆಯಲ್ಲಿ ವಿದ್ಯೆಯೂ ಇತ್ತು: ಮೊದಲನೆಯ ಬಸಪ್ಪ ನಾಯಕ 1709ರಲ್ಲಿ ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ ಬರೆದ. ಶಾಸ್ತ್ರ, ಶಿಲ್ಪ, ಅಡುಗೆ, ವೈದ್ಯ, ರಾಜನೀತಿ ಎಲ್ಲವನ್ನೂ ತುಂಬಿಕೊಂಡ ಅದು ಸ್ವತಃ ಒಂದು ವಿಶ್ವಕೋಶ.

ರಾಣಿಯ ಗಾದಿ

ಗಂಡನಿಲ್ಲದ ಹೆಂಗಸು ಗಾದಿಯ ಮೇಲೆ ಕೂರುವುದು ಕೆಳದಿಗೆ ಹೊಸದಾಗಿರಲಿಲ್ಲ. ಮೊದಲನೆಯ ಸೋಮಶೇಖರ ನಾಯಕ ಬುದ್ಧಿ ಕೆಟ್ಟು, ಅರಮನೆಯ ಒಳಸಂಚಿಗೆ ಬಲಿಯಾದಾಗ ಅವನ ಮಡದಿ ಚೆನ್ನಮ್ಮಾಜಿ 1671ರಿಂದ ಕಾಲು ಶತಮಾನ ಆಳಿದಳು. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟವಳು ಆಕೆ. ದತ್ತುಮಗನನ್ನು ಬೆಳೆಸಿ ರಾಜ್ಯವನ್ನು ಅವನ ಕೈಗಿಟ್ಟಳು. ‘ಶಿವತತ್ತ್ವರತ್ನಾಕರ’ ಬರೆದವನು ಅವನೇ. ವೀರಮ್ಮಾಜಿಯ ಮುಂದಿದ್ದ ಮಾದರಿ ಇದು. ಎಂಬತ್ತಾರು ವರ್ಷಗಳ ಹಿಂದೆ ಅರಮನೆಯನ್ನು ಉಳಿಸಿದ ದಾರಿಯನ್ನೇ ಆಕೆಯೂ ಹಿಡಿದಳು.

ಆದರೆ ಕಾಲ ಬೇರೆಯಾಗಿತ್ತು. ಪೇಶ್ವೆಯ ದಂಡು ಕರ್ನಾಟಕಕ್ಕೆ ಇಳಿದಾಗಲೆಲ್ಲ ಚೌತಾಯಿ ಕೇಳುತ್ತಿತ್ತು, ಕೊಡದಿದ್ದರೆ ಸೂರೆ. ನೆರೆಯ ಚಿತ್ರದುರ್ಗದೊಂದಿಗೆ ತಲೆಮಾರುಗಳ ಹಗೆ. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಕೂಟಸೇನೆಯ ಎದುರು ಚಿತ್ರದುರ್ಗದ ಮದಕರಿ ನಾಯಕ ಬಿದ್ದಿದ್ದ. ಆ ಗಾಯವನ್ನು ದುರ್ಗ ಮರೆತಿರಲಿಲ್ಲ. 1761 ಈ ಲೆಕ್ಕಾಚಾರಗಳನ್ನೆಲ್ಲ ತಲೆಕೆಳಗು ಮಾಡಿತು. ಪಾಣಿಪತದಲ್ಲಿ ಮರಾಠರ ಬೆನ್ನುಮೂಳೆ ಮುರಿಯಿತು. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಹೈದರಲಿ ತನ್ನ ಎದುರಾಳಿ ಖಂಡೇರಾಯನನ್ನು ಮಣಿಸಿ ಮೈಸೂರಿನ ಅಧಿಕಾರವನ್ನೆಲ್ಲ ತನ್ನ ಮುಷ್ಟಿಗೆ ತೆಗೆದುಕೊಂಡ. ಉತ್ತರದಿಂದ ಬರುತ್ತಿದ್ದ ದಂಡು ನಿಂತಿತು. ತೆರವಾದ ಜಾಗಕ್ಕೆ ಹೈದರ ನುಗ್ಗಿದ. ಸಿರಾ, ಚಿತ್ರದುರ್ಗ, ಹರಪನಹಳ್ಳಿ, ರಾಯದುರ್ಗ ಒಂದೊಂದಾಗಿ ಅವನಿಗೆ ಬಾಗಿದವು. ನಡುವೆ ಉಳಿದಿದ್ದು ಹಣ ತುಂಬಿದ ಬಿದನೂರು.

ಚನ್ನಬಸಪ್ಪನ ಸಾವು

ವೀರಮ್ಮಾಜಿಯ ಹೆಸರಿಗೆ ಅಂಟಿದ ದೊಡ್ಡ ಕಳಂಕ ದತ್ತುಮಗನ ಕೊಲೆಯದು. ವಿಲ್ಕ್ಸ್ ಹೇಳುವಂತೆ ರಾಣಿಗೆ ನಿಂಬಯ್ಯನೆಂಬವನೊಂದಿಗೆ ಗುಟ್ಟಿನ ನಂಟಿತ್ತು. ಬೆಳೆದ ಮಗ ಅದನ್ನು ಆಕ್ಷೇಪಿಸಿದ. ಎಣ್ಣೆ ಹಚ್ಚಿ ಮೈ ತಿಕ್ಕುವ ಜಟ್ಟಿಗೆ ಹಣ ಕೊಟ್ಟು ಬಚ್ಚಲಲ್ಲಿ ಅವನ ಕತ್ತು ಮುರಿಸಿದರು. ಅಭ್ಯಂಜನದ ಹೊತ್ತಿನಲ್ಲಿ ಕುತ್ತಿಗೆಯ ಲಟಿಕೆ ತೆಗೆಯುವುದು ಜಟ್ಟಿಗಳ ದಿನನಿತ್ಯದ ಕೆಲಸ. ತುಸು ಹೆಚ್ಚು ತಿರುಗಿಸಿದರೆ ಸಾಕು. ಕಥೆಯಾಗಿ ಇದು ಎಷ್ಟು ಚೆನ್ನಾಗಿ ಕೂತಿದೆಯೆಂದರೆ ಕೇಳಿದವರು ಮರೆಯಲಾರರು.

1763ರ ಆರಂಭದಲ್ಲಿ ಚಿತ್ರದುರ್ಗದ ನಾಯಕ ಒಬ್ಬ ತರುಣನನ್ನು ಹೈದರನ ಮುಂದೆ ತಂದು ನಿಲ್ಲಿಸಿದ. ‘ನಾನೇ ಚನ್ನಬಸಪ್ಪ ನಾಯಕ. ಜಟ್ಟಿ ನನ್ನನ್ನು ಕೊಲ್ಲಲಿಲ್ಲ, ಐದು ವರ್ಷ ತನ್ನ ಮನೆಯಲ್ಲಿ ಅಡಗಿಸಿ ಸಾಕಿದ. ನನ್ನ ಗಾದಿ ನನಗೆ ಕೊಡಿಸಿ’ ಎಂಬುದು ಅವನ ಬೇಡಿಕೆ. ಮರೆಯಾಗಿದ್ದು ಕಾಣಿಸಿಕೊಂಡವನೆಂದು ಹೈದರನ ಸಿಪಾಯಿಗಳು ಅವನನ್ನು ‘ಗೈಬು ರಾಜ’ ಎಂದು ಕರೆದರು.

ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಕೊಲೆಯ ಸಂಚು ನಡೆಯಿತು ಎಂಬ ಮಾತು ಇಲ್ಲದಿದ್ದರೆ ಬದುಕಿ ಬಂದ ರಾಜನಿಗೆ ನಿಲ್ಲಲು ನೆಲವೇ ಇಲ್ಲ. ಬಚ್ಚಲು, ಜಟ್ಟಿ, ಕತ್ತು ಮುರಿಯುವ ವಿವರಗಳೆಲ್ಲ ಆ ತರುಣನ ಹಕ್ಕಿಗೆ ಬೇಕಾದ ಊರುಗೋಲುಗಳು. ದಂಡೆತ್ತಲು ನೆಪ ಹುಡುಕುತ್ತಿದ್ದ ಹೈದರನಿಗೂ ಅವು ಬೇಕಾಗಿದ್ದವು. ನ್ಯಾಯ ಕೇಳಿ ಬಂದ ಅರಸುಮಗನಿಗೆ ನೆರವಾಗಲು ಹೊರಟವನಿಗೂ ಕೊಳ್ಳೆಗೆ ಹೊರಟವನಿಗೂ ಜನ ಕೊಡುವ ಬೆಲೆ ಬೇರೆ. ಚನ್ನಬಸಪ್ಪ ಹೇಗೆ ಸತ್ತನೆಂಬುದನ್ನು ಈ ಸಾಕ್ಷ್ಯದ ಮೇಲೆ ತೀರ್ಮಾನಿಸುವುದು ನ್ಯಾಯವಲ್ಲ. ಗಂಡಿಲ್ಲದೆ ಆಳುವ ಹೆಣ್ಣಿನ ಮೇಲೆ ಹಾದರದ ಮಾತು ಹಬ್ಬಿಸುವುದು ಎಲ್ಲ ಕಾಲದಲ್ಲೂ ಎಷ್ಟು ಸುಲಭವಾಗಿತ್ತು ಎಂಬುದನ್ನೂ ಇಲ್ಲಿ ಸೇರಿಸಿ ತೂಗಬೇಕು. ಗೆದ್ದ ಮೇಲೆ ಹೈದರ ಏನು ಮಾಡಿದ ಎಂಬುದು ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಆ ಮಾತು ಮುಂದೆ ಬರುತ್ತದೆ.

ಶಿವಮೊಗ್ಗದಿಂದ ಬಿದನೂರಿಗೆ

ಶಿವಮೊಗ್ಗ ಮಲೆನಾಡಿನ ಹೆಬ್ಬಾಗಿಲು ಎಂಬುದು ಈಗ ಪ್ರವಾಸಿ ಫಲಕಗಳ ಮಾತಾಗಿದೆ. ಅಂದು ಅದು ಸೇನೆಗಳ ಲೆಕ್ಕಾಚಾರ. ಪೂರ್ವದ ಬಯಲುಸೀಮೆ ಇಲ್ಲಿಗೆ ಮುಗಿಯುತ್ತದೆ. ತುಂಗೆಯ ದಂಡೆಯ ಶಿವಮೊಗ್ಗ, ಭದ್ರೆಯ ದಂಡೆಯ ಬೆಂಕಿಪುರ (ಈಗಿನ ಭದ್ರಾವತಿ), ಎರಡೂ ಹೊಳೆ ಕೂಡುವ ಕೂಡಲಿ: ಈ ಮೂರನ್ನು ದಾಟಿದರೆ ಕುದುರೆಗೆ ಮೇವು ಸಿಗುವ ಸೀಮೆ ಹಿಂದಾಯಿತು, ತೋಪು ಎಳೆಯಲಾಗದ ಕಾಡು ಮುಂದಾಯಿತು. ಬಿದನೂರಿನ ರಕ್ಷಣೆ ನಿಂತಿದ್ದುದು ಕೋಟೆಗಿಂತ ಹೆಚ್ಚಾಗಿ ಈ ಕಾಡಿನ ಮೇಲೆ. ಸುತ್ತ ಬೆಟ್ಟ, ಕಣಿವೆಗಳ ಬಾಯಲ್ಲಿ ಕಾವಲು, ಒತ್ತಾದ ಬಿದಿರುಮೆಳೆ, ಮಳೆಗಾಲದ ಐದು ತಿಂಗಳು ಯಾರೂ ಸುಳಿಯಲಾಗದ ಕೆಸರು.

ಹೈದರ ಬೇಸಿಗೆ ಬಲಿಯುವ ಮುಂಚೆ ಬಂದ. ಮೊದಲು ಶಿವಮೊಗ್ಗ ಅವನ ವಶವಾಯಿತು. ಅಲ್ಲಿನ ಖಜಾನೆಯೂ ಸಿಕ್ಕಿತು. ಬಾಗಿಲು ಬಿದ್ದ ಸುದ್ದಿ ಬಿದನೂರಿಗೆ ಮುಟ್ಟಿದಾಗ ರಾಣಿ ಮೊದಲು ಮಾಡಿದ್ದು ಮನೆತನದವರು ಮರಾಠರ ಮುಂದೆ ಹಿಂದೆಲ್ಲ ಮಾಡುತ್ತ ಬಂದಿದ್ದ ಕೆಲಸವನ್ನೇ: ಹಿಂದಿರುಗಿ ಹೋದರೆ ಇಷ್ಟು ಲಕ್ಷ ವರಹ ಕೊಡುತ್ತೇವೆಂದು ಹೇಳಿಕಳಿಸಿದಳು. ಹೈದರ ಒಪ್ಪಲಿಲ್ಲ. ದಂಡು ಒಂದೊಂದು ಮಜಲು ಮುಂದೆ ಬಂದಂತೆ ಮೊತ್ತವೂ ಏರಿತು. ಆಕೆಯನ್ನು ಇದಕ್ಕಾಗಿ ಅಂಜುಬುರುಕಿ ಎನ್ನುವವರುಂಟು. ಪೇಶ್ವೆಯ ದಂಡಿಗೆ ಬೇಕಾಗಿದ್ದುದು ಹಣ. ಅದು ಹಣ ತೆಗೆದುಕೊಂಡು ಮನೆಗೆ ಹೋಗುತ್ತಿತ್ತು. ಹೈದರನಿಗೆ ಬೇಕಾಗಿದ್ದುದು ನೆಲ. ಈ ಎರಡರ ವ್ಯತ್ಯಾಸ ಆಗ ದಕ್ಷಿಣದಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತಿತ್ತು.

ಆಕೆಯ ನಿಜವಾದ ತಪ್ಪು ಕುಂಸಿಯಲ್ಲಿತ್ತು. ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿ ಸಿಗುವ ಈ ಊರಿನಲ್ಲಿ ಹಿಂದಿನ ಅರಸನ ಮಂತ್ರಿಯಾಗಿದ್ದ ಲಿಂಗಣ್ಣನನ್ನು ರಾಣಿ ಸೆರೆಯಲ್ಲಿಟ್ಟಿದ್ದಳು. ಹೈದರ ಅವನನ್ನು ಬಿಡಿಸಿದ. ರಾಜ್ಯದ ಆದಾಯ, ದಂಡಿನ ಬಲ, ಕಣಿವೆಗಳ ಕಾವಲು ಎಲ್ಲವನ್ನೂ ಬಲ್ಲ ಮುದಿಮಂತ್ರಿ ಅದನ್ನೆಲ್ಲ ಹೇಳಿದ; ಕಾವಲು ಚೌಕಿಗಳಿಗೆ ಸಿಗದೆ ಊರೊಳಗೆ ಹೊಗುವ ಒಂದು ಕಾಡುದಾರಿಯನ್ನೂ ತೋರಿಸಿಕೊಟ್ಟ. ಲಂಕೆಗೆ ವಿಭೀಷಣ ಬೇಕಾದಂತೆ ಪ್ರತಿ ಕೋಟೆಗೂ ಒಬ್ಬ ಬೇಕು. ಅರಮನೆಯ ಗುಟ್ಟು ಬಲ್ಲವನನ್ನು ಅವಮಾನಿಸಿ, ಗಡಿಯಂಚಿನ ಊರಿನಲ್ಲಿ, ಶತ್ರುವಿನ ದಾರಿಯಲ್ಲೇ ಜೀವಸಹಿತ ಇಟ್ಟದ್ದು ರಾಜಕಾರಣದಲ್ಲಿ ಕ್ಷಮೆಯಿಲ್ಲದ ಅಲಕ್ಷ್ಯ.

ಇಂದು ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಕುಂಸಿ, ಅರಸಾಳು, ಆನಂದಪುರಗಳನ್ನು ಹಾದು ಸಾಗರ ಮುಟ್ಟುತ್ತದೆ. ಕಿಟಕಿಯ ಬಳಿ ಕೂತವರಿಗೆ ಕುಂಸಿಯಿಂದ ಆಚೆ ಗದ್ದೆಬಯಲು ಕಿರಿದಾಗುತ್ತ, ಕಾಡು ಎರಡೂ ಕಡೆಯಿಂದ ಹಳಿಯ ಹತ್ತಿರ ಬರುವುದು ಕಾಣುತ್ತದೆ. ಹೈದರನ ದಂಡು ಆನಂದಪುರದವರೆಗೆ ಹೆಚ್ಚುಕಡಿಮೆ ಇದೇ ಜಾಡಿನಲ್ಲಿ ನಡೆದು, ಅಲ್ಲಿಂದ ಬಿದನೂರಿನತ್ತ ತಿರುಗಿತು.

ದಂಡಿನ ಒಂದು ಭಾಗ ಎದುರಿನಿಂದ ಚೌಕಿಗಳ ಮೇಲೆ ಬಿದ್ದು ಕಾವಲಿನವರ ಗಮನವನ್ನೆಲ್ಲ ಅತ್ತ ಸೆಳೆದಿರುವಾಗ ಇನ್ನೊಂದು ಭಾಗ ಲಿಂಗಣ್ಣನ ದಾರಿಯಿಂದ ಊರೊಳಗೆ ಇಳಿಯಿತು. ಬಿದನೂರಿನಲ್ಲಿ ಹೇಳಿಕೊಳ್ಳುವಂಥ ಕಾಳಗ ನಡೆಯಲಿಲ್ಲ. ಜನ ಉಟ್ಟ ಬಟ್ಟೆಯಲ್ಲಿ ಕಾಡಿಗೆ ಓಡಿದರು. ರಾಣಿ ಅರಮನೆಗೆ ಬೆಂಕಿಯಿಡಲು ಹೇಳಿ, ಹುಡುಗನೊಂದಿಗೆ ದಕ್ಷಿಣದ ಬಲ್ಲಾಳರಾಯನದುರ್ಗದ ಕಡೆ ಹೊರಟಳು. ಶತ್ರುವಿಗೆ ಖಜಾನೆ ಸಿಗಬಾರದೆಂಬುದು ಆಕೆಯ ಎಣಿಕೆ. ಹೈದರ ಊರು ಹೊಕ್ಕೊಡನೆ ಕೊಳ್ಳೆಗೆ ಅಪ್ಪಣೆ ಕೊಡಲಿಲ್ಲ. ಮೊದಲು ಬೆಂಕಿ ಆರಿಸಿದ, ಸೂರೆಗಿಳಿದ ತನ್ನ ಸಿಪಾಯಿಗಳನ್ನು ತಡೆದ, ಅರಮನೆಗೂ ಸಿರಿವಂತರ ಮನೆಗಳಿಗೂ ಮೊಹರು ಹಾಕಿಸಿ ಬಾಗಿಲಿಗೆ ಕಾವಲಿಟ್ಟ. ಸಿಕ್ಕ ಸಂಪತ್ತನ್ನು ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡ್ ಎಂದು ಅಂದಾಜು ಮಾಡಿದ್ದಾನೆ. ಒಂದು ಮಲೆನಾಡಿನ ಸಂಸ್ಥಾನಕ್ಕೆ ಇದು ನಂಬಲಾಗದಷ್ಟು ದೊಡ್ಡ ಮೊತ್ತ. ಆದರೆ ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ಬುನಾದಿ ಎಂದು ಹೈದರ ಹೇಳಿಕೊಳ್ಳುತ್ತಿದ್ದನೆಂದು ವಿಲ್ಕ್ಸನೇ ಬರೆದಿರುವುದು ನಂಬುವ ಮಾತು. ಇಂಗ್ಲಿಷರೊಂದಿಗೆ ಮುಂದೆ ಎರಡು ಯುದ್ಧ ಮಾಡಿದ ಸೇನೆಯನ್ನು ಸಾಕಿದ್ದರಲ್ಲಿ ಶಿವಪ್ಪ ನಾಯಕನ ಶಿಸ್ತಿನ ದುಡ್ಡು ಸೇರಿದೆ.

ಮಧುಗಿರಿ

ರಾಣಿ ಬಲ್ಲಾಳರಾಯನದುರ್ಗದಲ್ಲಿ ಸಿಕ್ಕಿಬಿದ್ದಳು. ಆಕೆಯನ್ನೂ ದತ್ತುಮಗನನ್ನೂ ನಿಂಬಯ್ಯನನ್ನೂ ಹೈದರ ಮಧುಗಿರಿಯ ಏಕಶಿಲೆಯ ದುರ್ಗಕ್ಕೆ ಕಳಿಸಿದ. ಅವರ ಜೊತೆಯಲ್ಲೇ ‘ಗೈಬು ರಾಜ’ನನ್ನೂ ಕಳಿಸಿದ. ತಾನು ಯಾರ ಹಕ್ಕಿಗಾಗಿ ಕತ್ತಿ ಹಿರಿದೆನೆಂದು ಹೇಳಿದ್ದನೋ ಆ ಅರಸುಮಗನನ್ನೂ, ಅವನನ್ನು ಕೊಲ್ಲಿಸಹೊರಟಳೆಂದು ದೂರಿದ್ದ ರಾಣಿಯನ್ನೂ ಒಂದೇ ಬಂಡೆಯ ಮೇಲೆ ಕೂಡಿಹಾಕಿದ. ಕೊಲೆಯ ಕಥೆಯಿಂದ ಆಗಬೇಕಾದ ಕೆಲಸ ಮುಗಿದಿತ್ತು. ಆ ಕಥೆಯನ್ನು ಈಗಲೂ ಚರಿತ್ರೆಯೆಂದು ಹೇಳುವವರು ಈ ಒಂದು ಸಂಗತಿಗೆ ಉತ್ತರ ಕೊಡಬೇಕಾಗುತ್ತದೆ.

ಬಿದನೂರಿನ ಹಳೆಯ ಅಧಿಕಾರಿಗಳು ಸುಮ್ಮನಿರಲಿಲ್ಲ. ಅದೇ ವರ್ಷ ಹೈದರನನ್ನು ಮುಗಿಸಲು ಸಂಚು ಹೂಡಿದರು, ಅದು ಬಯಲಾಯಿತು. ಮುನ್ನೂರಕ್ಕೂ ಹೆಚ್ಚು ಜನರನ್ನು ಊರಿನ ದಾರಿಗಳಲ್ಲಿ ನೇಣಿಗೆ ಏರಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಕೆಳದಿಯ ಆಡಳಿತವನ್ನು ಬಲ್ಲ ಒಂದು ತಲೆಮಾರು ಅಲ್ಲಿಗೆ ಇಲ್ಲವಾಯಿತು.

ನಾಲ್ಕು ವರ್ಷ ಸೆರೆಯಲ್ಲಿದ್ದ ಮೇಲೆ ಬಿಡುಗಡೆ ಬಂದದ್ದು ಹಿಂದೆ ಚೌತಾಯಿಗಾಗಿ ಕಾಡಿದ್ದ ಮರಾಠರಿಂದಲೇ. 1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿಯನ್ನು ಗೆದ್ದು ಕೆಳದಿಯವರನ್ನು ಪುಣೆಗೆ ಕಳಿಸಿದ. ರಾಣಿ ದಾರಿಯಲ್ಲೇ ಕೊನೆಯುಸಿರೆಳೆದಳು. ಸೋಮಶೇಖರ ಪುಣೆ ಸೇರಿ ಅಲ್ಲಿಯೇ ಬಾಳು ಮುಗಿಸಿದ.

ನಂತರದ ಮಲೆನಾಡು

ಹೈದರ ಬಿದನೂರಿಗೆ ಹೈದರನಗರ ಎಂದು ಹೆಸರಿಟ್ಟ. ಜನರ ಬಾಯಲ್ಲಿ ‘ನಗರ’ ಮಾತ್ರ ಉಳಿಯಿತು. ಅವನು ಇಲ್ಲಿ ಅಚ್ಚುಹಾಕಿಸಿದ ಬಹಾದುರಿ ವರಹವನ್ನು ಅಂಗೈಯಲ್ಲಿಟ್ಟು ನೋಡಿದರೆ ರಾಜ್ಯ ಕೈಬದಲಾದ ಬಗೆ ಕಣ್ಣಿಗೆ ಕಟ್ಟುತ್ತದೆ. ಇಕ್ಕೇರಿ ವರಹದ ಒಂದು ಮುಖದಲ್ಲಿ ತೊಡೆಯ ಮೇಲೆ ಪಾರ್ವತಿಯನ್ನು ಕೂರಿಸಿಕೊಂಡ ಶಿವ. ಹಿಂದೆ ನಾಗರಿಯಲ್ಲಿ ‘ಶ್ರೀ ಸದಾಶಿವ’. ಹೈದರನ ವರಹದಲ್ಲಿ ಶಿವಪಾರ್ವತಿಯರು ಹಾಗೆಯೇ ಕೂತಿದ್ದಾರೆ. ಹಿಂಬದಿಗೆ ಹೊರಳಿಸಿದರೆ ಚುಕ್ಕಿಗಳ ಬಳೆಯೊಳಗೆ ಹೈದರನ ಹೆಸರಿನ ಮೊದಲಕ್ಷರ, ಪಾರ್ಸಿಯಲ್ಲಿ. ಮಲೆನಾಡಿನ ವರ್ತಕರು ನಂಬುತ್ತಿದ್ದ ಮುಖವನ್ನು ಅವನು ಮುಟ್ಟಲಿಲ್ಲ.

ಬಾಗಿಲಾಗಿದ್ದುದರ ಬೆಲೆಯನ್ನು ಶಿವಮೊಗ್ಗ ಮತ್ತೆ ತೆರಬೇಕಾಯಿತು. 1791ರ ಡಿಸೆಂಬರ್ ಕೊನೆಯಲ್ಲಿ ಪರಶುರಾಮ ಭಾವೂನ ಮರಾಠಾ ದಂಡೂ ಕ್ಯಾಪ್ಟನ್ ಲಿಟಲ್‌ನ ಪಡೆಯೂ ಟಿಪ್ಪುವಿನ ಸೇನಾನಿ ರಜಾ ಸಾಹೇಬನನ್ನು ಊರಿನ ಹತ್ತಿರ ಸೋಲಿಸಿದವು. ಹೊಸ ವರ್ಷದ ಮೊದಲ ದಿನಗಳಲ್ಲಿ ಕೋಟೆ ಬಿತ್ತು, ಸೀಮೆ ಹಾಳಾಯಿತು.

ಕೆಳದಿಯ ಹೆಸರಿಗೆ ಮಾತ್ರ ಸಾವು ಬರಲಿಲ್ಲ. 1830ರಲ್ಲಿ ಕಂದಾಯದ ಭಾರಕ್ಕೆ ಬೇಸತ್ತ ಈ ಸೀಮೆಯ ರೈತರು ಊರೂರಿನಲ್ಲಿ ಕೂಟ ಸೇರಿದರು. ಈಗಿನ ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರು ಅಂಥ ಕೂಟ ನೆರೆದ ಊರುಗಳಲ್ಲೊಂದು. ತರೀಕೆರೆಯ ಪಾಳೆಯಗಾರರು ಜೊತೆಯಾದರು. ಅವರ ನಡುವೆ ನಗರದ ಗಾದಿಗೆ ತಾನೇ ವಾರಸುದಾರನೆಂದು ಬಂದು ನಿಂತವನು ಬೂದಿ ಬಸವಪ್ಪ ನಾಯಕ. ಅವನ ನಿಜ ಹೆಸರು ಸಾದರ ಮಲ್ಲ. ಕೆಳದಿ ಅರಸರ ಮೊಹರುಗಳು ಹೇಗೋ ಅವನ ಕೈ ಸೇರಿದ್ದವು. ಚನ್ನಬಸಪ್ಪನೆಂದು ಹೇಳಿಕೊಂಡು ಹೈದರನ ಮುಂದೆ ನಿಂತ ತರುಣನಿಗೂ ಇವನಿಗೂ ನಡುವೆ 67 ವರ್ಷ. ಮೊದಲನೆಯವನನ್ನು ಮುಂದಿಟ್ಟುಕೊಂಡು ಒಬ್ಬ ದಂಡನಾಯಕ ಕೆಳದಿಯನ್ನು ಮುಗಿಸಿದ. ಎರಡನೆಯವನ ಹಿಂದೆ ನೇಗಿಲು ಹಿಡಿದ ಜನ ಕೆಳದಿ ಮತ್ತೆ ಬರಲೆಂದು ನಿಂತರು. ಮೊಹರಿನ ಮೇಲಿದ್ದ ಹೆಸರಿಗೆ ಅವರು ಕೊಟ್ಟ ಬೆಲೆಯಲ್ಲಿ ಆ ಮನೆತನದ ಆಳ್ವಿಕೆಯ ಬಗ್ಗೆ ಕೆಳದಿಯ ಹೊರಗಿನ ಯಾವ ಚರಿತ್ರೆಕಾರನೂ ಬರೆಯದ ಒಂದು ಸಾಕ್ಷಿ ಇದೆ. ಈ ದಂಗೆಯನ್ನೇ ಮುಖ್ಯ ಕಾರಣವಾಗಿ ತೋರಿಸಿ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡರು. ಮುಂದೆ 1863ರಲ್ಲಿ ರಾಜ್ಯವನ್ನು ಮೂರು ವಿಭಾಗ ಮಾಡಿದಾಗ ಶಿವಮೊಗ್ಗ, ಕಡೂರು, ಚಿತ್ರದುರ್ಗ ಜಿಲ್ಲೆಗಳು ಸೇರಿದ ವಿಭಾಗಕ್ಕೆ ‘ನಗರ’ ಎಂದೇ ಹೆಸರಾಯಿತು. ಅದರ ಕಚೇರಿ ಇದ್ದುದು ಶಿವಮೊಗ್ಗದಲ್ಲಿ.

ಶಿವಮೊಗ್ಗದಲ್ಲಿ ತುಂಗೆಯ ಪಕ್ಕ ದಪ್ಪ ಮರದ ಕಂಬಗಳ ಮಾಳಿಗೆಯ ಕಟ್ಟಡವೊಂದಿದೆ. ಊರಿನವರಿಗೆ ಅದು ಶಿವಪ್ಪ ನಾಯಕನ ಅರಮನೆ; ಸರ್ಕಾರಿ ವಸ್ತುಸಂಗ್ರಹಾಲಯವೂ ಅಲ್ಲೇ. ಅದು ಹೈದರನ ಕಾಲದ ಕಟ್ಟಡವೆಂಬುದು ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಆದರೂ ಜನ ಶಿವಪ್ಪನ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಅಂಗಳದಲ್ಲಿ ಸೀಮೆಯ ಊರುಗಳಿಂದ ತಂದು ನಿಲ್ಲಿಸಿದ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಇವೆ: ದನ ಕಾಯಲು ಹೋಗಿ ಸತ್ತವರು, ಊರಿಗಾಗಿ ಬಿದ್ದವರು, ಗಂಡನ ಹಿಂದೆ ಹೋದ ಹೆಂಗಸರು, ಮೇಲ್ಪಟ್ಟಿಕೆಯಲ್ಲಿ ಲಿಂಗಕ್ಕೆ ಕೈಮುಗಿದು ಕೂತಿದ್ದಾರೆ. ನಗರದ ಕೋಟೆಯಲ್ಲಿ ದರ್ಬಾರಿನ ಜಗುಲಿಯ ಕಲ್ಲುಗಳು, ಅಕ್ಕತಂಗಿ ಕೊಳ, ತುಕ್ಕು ಹಿಡಿದ ಒಂದು ತೋಪು ಉಳಿದಿವೆ. ಅಲ್ಲಿಂದ ಅನತಿ ದೂರದ ದೇವಗಂಗೆಯಲ್ಲಿ ಅರಸುಮನೆಯವರ ಮೀಹಕ್ಕೆಂದು ಕಟ್ಟಿದ ಕಲ್ಲಿನ ಕೊಳಗಳಿಗೆ ಗುಡ್ಡದ ನೀರು ಬೇಸಿಗೆಯಲ್ಲೂ ನಿಲ್ಲದೆ ಹರಿದು ಬರುತ್ತದೆ.